ಕಾರಿನ ಹಿಂಬದಿ ದೀಪಕ್ಕೆ ಎಲ್‌ಇಡಿ ಬಲ್ಬ್: ಯಾವುದು ಮೊದಲು, ಯಾವುದು ಕೊನೆಗೆ, ಎಲ್ಲಿ ಕೆಡುತ್ತದೆ

ಹಳೆಯ ಬಲ್ಬ್ ತಿರುಗಿಸಿ ತೆಗೆದು ಎಲ್‌ಇಡಿ ಬಲ್ಬ್ ತಿರುಗಿಸಿ ಕೂರಿಸುವುದು ಐದು ನಿಮಿಷದ ಕೆಲಸ. ತಾಪತ್ರಯ ಶುರುವಾಗುವುದು ಆಮೇಲೆ. ಇಂಡಿಕೇಟರ್ ಎರಡು ಪಟ್ಟು ವೇಗದಲ್ಲಿ ಮಿನುಗುತ್ತದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ. ಕೆಂಪು ಗಾಜಿನ ಹಿಂದೆ ಗುಲಾಬಿ ಬೆಳಕು ಕಾಣುತ್ತದೆ. ತಿಂಗಳೊಪ್ಪತ್ತಿನಲ್ಲಿ ಒಂದು ಬದಿ ಸತ್ತಿರುತ್ತದೆ. ಬಲ್ಬೇ ಸರಿಯಿಲ್ಲ ಎಂದು ಇನ್ನೊಂದು ಜೋಡಿ ತಂದು ಹಾಕಿದರೆ ಅದೂ ಹಾಗೇ ಆಗುತ್ತದೆ. ಬಹಳ ಸಲ ದೋಷ ಇರುವುದು ಹೋಲ್ಡರಿನಲ್ಲಿ, ಅರ್ಥ್ ವೈರಿನಲ್ಲಿ, ತಪ್ಪು ನಂಬರಿನ ಖರೀದಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕೂ ದೀಪವನ್ನು ಒಟ್ಟಿಗೆ ಬದಲಿಸಿಬಿಡುವ ಅವಸರದಲ್ಲಿ.

ಇಲ್ಲಿ ಹೇಳಿರುವುದು ಬಲ್ಬ್ ಬಿಚ್ಚಿ ಹಾಕಬಹುದಾದ 12 ವೋಲ್ಟಿನ ಕಾರುಗಳಿಗೆ. ಕಂಪನಿಯಿಂದಲೇ ಎಲ್‌ಇಡಿ ಪಟ್ಟಿ ಅಂಟಿಸಿಕೊಂಡು ಬಂದ ಟೈಲ್ ಲ್ಯಾಂಪಿನಲ್ಲಿ ಬದಲಿಸಲು ಬಲ್ಬೇ ಇರುವುದಿಲ್ಲ. ಕೆಟ್ಟರೆ ಇಡೀ ಲ್ಯಾಂಪನ್ನೇ ಬದಲಿಸಬೇಕು.

## ಹಂತ 1: ಯಾವ ದೀಪ ಬದಲಿಸಬೇಕು ಎಂದು ಮೊದಲು ತೀರ್ಮಾನಿಸಿ

ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕೆಲಸದ ದೀಪಗಳಿವೆ: ಬ್ರೇಕ್ ಮತ್ತು ಪಾರ್ಕಿಂಗ್, ಇಂಡಿಕೇಟರ್, ರಿವರ್ಸ್, ನಂಬರ್ ಪ್ಲೇಟ್. ಎಲ್‌ಇಡಿಯಿಂದ ನಿಜವಾದ ಉಪಯೋಗ ಬ್ರೇಕ್ ದೀಪಕ್ಕೆ. ತಂತಿ ಬಲ್ಬ್ (ಒಳಗಿನ ತಂತಿ ಕಾದು ಬೆಳಗುವ ಹಳೆಯ ಬಗೆಯದು) ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು, ಎಲ್‌ಇಡಿ ತಕ್ಷಣ ಬೆಳಗುತ್ತದೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ತೋರಣಗಲ್ಲಿನ ಕಡೆಗೆ 80 ಕಿ.ಮೀ. ವೇಗದಲ್ಲಿ ಬರುತ್ತಿರುವ ಹಿಂದಿನ ಗಾಡಿಗೆ ಇದು ನಾಲ್ಕು ಮೀಟರಿಗೂ ಹೆಚ್ಚು ಮುಂಚಿತ ಎಚ್ಚರಿಕೆ. ಅದಿರಿನ ಕೆಂಧೂಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಸುಗ್ಗಿಯ ಹೊತ್ತಿನಲ್ಲಿ ಗಂಗಾವತಿ, ಸಿಂಧನೂರು ರಸ್ತೆಯ ಭತ್ತದ ಹೊಟ್ಟು, ಇವೆಲ್ಲದರ ನಡುವೆ ಅಷ್ಟು ಸಿಕ್ಕರೂ ದೊಡ್ಡದು.

ಇಂಡಿಕೇಟರ್ ಮಾತು ಬೇರೆ. ಅಲ್ಲಿ ಎಲ್‌ಇಡಿಯ ಲಾಭ ಕಡಿಮೆ, ತಲೆನೋವು ಹೆಚ್ಚು. ನಮ್ಮ ಸಲಹೆ ಇಷ್ಟೇ: ಬ್ರೇಕ್ ಮತ್ತು ಪಾರ್ಕಿಂಗ್ ಮೊದಲು, ಆಮೇಲೆ ನಂಬರ್ ಪ್ಲೇಟ್, ಆಮೇಲೆ ರಿವರ್ಸ್. ಇಂಡಿಕೇಟರ್ ತಂತಿ ಬಲ್ಬ್ ಆಗಿಯೇ ಇರಲಿ. ಬದಲಿಸಲೇಬೇಕೆಂದರೆ ಕೊನೆಗೆ, ಅದೂ 9ನೇ ಹಂತ ಪೂರ್ತಿ ಓದಿದ ಮೇಲೆ.

ಕಾನೂನಿನ ಮಾತು ಕೂಡ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಟೈಲ್ ಲ್ಯಾಂಪಿಗೆ ಮಂಜೂರಾತಿ ಸಿಕ್ಕಿರುವುದು ಅದಕ್ಕೆಂದೇ ಗೊತ್ತುಮಾಡಿದ ಬಲ್ಬಿನ ಜೊತೆ. ಬಲ್ಬಿನ ಬಗೆ ಬದಲಾದರೆ ಆ ಮಂಜೂರಾತಿ ಅದಕ್ಕೆ ಅನ್ವಯಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿನಲ್ಲಿ ತಕರಾರು ಬರಬಹುದು. ವಾರಂಟಿಯಲ್ಲಿರುವ ಕಾರಿನ ವೈರ್ ಕತ್ತರಿಸಿದರೆ ವಿದ್ಯುತ್ ಭಾಗದ ವಾರಂಟಿಗೆ ಕುತ್ತು. ನಿಮ್ಮ ಕಾರಿನ ಮೇಲಿನ ದರ್ಜೆಯ ಮಾದರಿಗೆ ಕಂಪನಿಯೇ ಎಲ್‌ಇಡಿ ಟೈಲ್ ಲ್ಯಾಂಪ್ ಕೊಡುತ್ತಿದ್ದರೆ ಮೊದಲು ಅದರ ಬೆಲೆ ಕೇಳಿ. ದುಬಾರಿಯಾದರೂ ಅದು ಹೆಚ್ಚು ಸರಿಯಾದ ದಾರಿ, ಕನೆಕ್ಟರ್ ಹೊಂದುತ್ತದೆಯೇ ಎಂದು ವಿಚಾರಿಸಿಕೊಂಡರೆ ಸಾಕು.

## ಹಂತ 2: ಹಳೆಯ ಬಲ್ಬಿನ ನಂಬರ್ ಓದಿ

ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಬಲ್ಬ್ ಕೇಳಬೇಡಿ. ಒಂದೇ ಹೆಸರಿನ ಕಾರಿನಲ್ಲಿ ವರ್ಷ ಬದಲಾದರೆ ಬಲ್ಬೂ ಬದಲಾಗಿರುತ್ತದೆ. ಹಳೆಯ ಬಲ್ಬನ್ನೇ ತೆಗೆದು ಅದರ ಬುಡದ ಲೋಹದ ಮೇಲೆ ಏನು ಬರೆದಿದೆ ನೋಡಿ. ಹೆಚ್ಚಾಗಿ ಸಿಗುವವು ಇವು:

- ಪಿ21/5ಡಬ್ಲ್ಯೂ: ಅಂಗಡಿಯವರ ಬಾಯಲ್ಲಿ 1157. ಒಳಗೆ ಎರಡು ತಂತಿ, ಬ್ರೇಕಿಗೆ 21 ವಾಟ್, ಪಾರ್ಕಿಂಗಿಗೆ 5 ವಾಟ್. ಬುಡದಲ್ಲಿ ಎರಡು ಸೀಸದ ಬಿಂದು. ಬದಿಯ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ.
- ಪಿ21ಡಬ್ಲ್ಯೂ: 1156. ಒಂದೇ ತಂತಿ, ಒಂದೇ ಬಿಂದು, ಮೊಳೆಗಳು ಎದುರುಬದುರು. ರಿವರ್ಸ್ ದೀಪಕ್ಕೆ ಸಾಮಾನ್ಯ.
- ಪಿವೈ21ಡಬ್ಲ್ಯೂ: ಇಂಡಿಕೇಟರಿನ ಅಂಬರ್ ಬಣ್ಣದ ಬಲ್ಬ್. ನೋಡಲು 1156ರಂತೆಯೇ ಇದ್ದರೂ ಮೊಳೆಗಳು ನೇರ ಎದುರುಬದುರಾಗಿರದೆ ಒಂದು ಬದಿಗೆ ಸರಿದಿರುತ್ತವೆ.
- ಡಬ್ಲ್ಯೂ21/5ಡಬ್ಲ್ಯೂ: ಟಿ20 ಅಥವಾ 7443. ಲೋಹದ ಬುಡವಿಲ್ಲ, ಗಾಜಿನ ಚಪ್ಪಟೆ ಬುಡವನ್ನು ನೇರ ಒತ್ತಿ ಕೂರಿಸುವಂಥದ್ದು.
- ಡಬ್ಲ್ಯೂ5ಡಬ್ಲ್ಯೂ: ಟಿ10. ನಂಬರ್ ಪ್ಲೇಟಿನ ಪುಟ್ಟ ಬಲ್ಬ್.

7443ರಲ್ಲಿ ಒಂದು ಉಪಬಗೆ ಇದೆ, ಪೆಟ್ಟಿಗೆಯ ಮೇಲೆ ಎಸ್‌ಆರ್‌ಸಿಕೆ ಎಂದು ಬರೆದಿರುತ್ತದೆ. ಅದರ ಪಿನ್ ಜೋಡಣೆ ಬೇರೆ. ಸಾದಾ 7443 ಹೋಲ್ಡರಿಗೆ ಅದನ್ನು ಒತ್ತಿದರೆ ಕೂರುತ್ತದೆ, ಪಾರ್ಕಿಂಗ್ ಸ್ವಿಚ್ ಹಾಕಿದೊಡನೆ ಫ್ಯೂಸ್ ಹೋಗುತ್ತದೆ. ಹೊಸ ಬಲ್ಬ್ ಹಾಕಿದ ಕೂಡಲೇ ಫ್ಯೂಸ್ ಹೋದರೆ ಮೊದಲ ಅನುಮಾನ ಇದರ ಮೇಲಿರಲಿ.

## ಹಂತ 3: ಖರೀದಿ

ಗಾಜು ಕೆಂಪಾಗಿದ್ದರೆ ಬಲ್ಬೂ ಕೆಂಪೇ ಇರಬೇಕು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬಿಳಿ ಎಲ್‌ಇಡಿ ಎಂದರೆ ಒಳಗೆ ನೀಲಿ ಚಿಪ್, ಮೇಲೆ ಹಳದಿ ಲೇಪ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪು ಗಾಜು ಕೆಂಪನ್ನಷ್ಟೇ ಹೊರಬಿಡುವುದರಿಂದ ಕೈಯಲ್ಲಿ ಹಿಡಿದಾಗ ಕಣ್ಣು ಕುಕ್ಕುವ ಬಿಳಿ ಬಲ್ಬ್ ಗಾಜಿನ ಹಿಂದೆ ಮಂಕಾಗಿ, ಗುಲಾಬಿಯಾಗಿ ಕಾಣುತ್ತದೆ. ಹಾಗೆಯೇ ಇಂಡಿಕೇಟರಿಗೆ ಅಂಬರ್, ರಿವರ್ಸ್ ಮತ್ತು ನಂಬರ್ ಪ್ಲೇಟಿಗೆ ಬಿಳಿ. ಬ್ರೇಕ್ ಒತ್ತಿದಾಗ ಪಟಪಟ ಮಿಂಚುವ ಬಲ್ಬ್ ಅಂಗಡಿಯವರು ಎಷ್ಟೇ ಹೊಗಳಿದರೂ ಬೇಡ.

ಚಿಪ್‌ಗಳು ಎಲ್ಲಿವೆ ನೋಡಿ. ಟೈಲ್ ಲ್ಯಾಂಪಿನ ಒಳಗಿನ ಬೆಳ್ಳಿ ಬಟ್ಟಲು ಬೆಳಕು ಹರಡುವುದು ಬಲ್ಬಿನ ತಂತಿ ಇದ್ದ ಜಾಗದಿಂದ. ಎಲ್ಲ ಚಿಪ್ ತುದಿಯಲ್ಲೇ ಇದ್ದರೆ ಬಟ್ಟಲಿಗೆ ಬೆಳಕು ಬೀಳದೆ ನಡುವೆ ಒಂದು ಚುಕ್ಕೆ ಮಾತ್ರ ಹೊಳೆಯುತ್ತದೆ. ಪಕ್ಕದಿಂದ ಬರುವವನಿಗೆ ಏನೂ ಕಾಣದು. ಸುತ್ತಲೂ ಚಿಪ್ ಇರುವ ಬಲ್ಬ್ ಆರಿಸಿ. ಹಳೆಯದರ ಪಕ್ಕದಲ್ಲಿಟ್ಟು ಉದ್ದ, ದಪ್ಪ ಹೋಲಿಸಿ. ಉದ್ದ ಹೆಚ್ಚಾದರೆ ತುದಿ ಗಾಜಿಗೆ ತಗುಲುತ್ತದೆ, ದಪ್ಪ ಹೆಚ್ಚಾದರೆ ತೂತಿನಲ್ಲಿ ಹೋಗುವುದೇ ಇಲ್ಲ.

ವೋಲ್ಟ್ ಓದದೆ ಕೊಳ್ಳಬೇಡಿ. ಬಳ್ಳಾರಿ, ಹೊಸಪೇಟೆ ಕಡೆಯ ಬಿಡಿಭಾಗದ ಅಂಗಡಿಗಳು ಲಾರಿಗಳನ್ನೂ ನಂಬಿಕೊಂಡವು; ಲಾರಿಯ 24 ವೋಲ್ಟಿನ ಬಲ್ಬೂ ಅದೇ ಗಾಜಿನ ಕಪಾಟಿನಲ್ಲಿ ಇರುತ್ತದೆ. 24 ವೋಲ್ಟಿಗಷ್ಟೇ ಮಾಡಿದ ಬಲ್ಬ್ ಕಾರಿನಲ್ಲಿ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ.

ಪೆಟ್ಟಿಗೆಯ ಮೇಲಿನ ‘50 ವಾಟ್’, ‘80 ವಾಟ್’ ನಂಬಬೇಡಿ. ಬಲ್ಬಿನ ಮೈ ಅಲ್ಯೂಮಿನಿಯಂ ಆಗಿದೆಯೇ, ಕೈಗೆ ತೂಕ ಹತ್ತುತ್ತದೆಯೇ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಬಯಲಿನಲ್ಲಿ ನಿಂತ ಕಾರಿನ ದೀಪದ ಡಬ್ಬಿ ಅದಕ್ಕಿಂತ ಬಹಳ ಬಿಸಿ. ಎಲ್‌ಇಡಿಯನ್ನು ಕೊಲ್ಲುವುದು ಈ ಕಾವು. ಬರೀ ಪ್ಲಾಸ್ಟಿಕ್ ಮೈಯ ಅಗ್ಗದ ಬಲ್ಬ್ ಒಂದು ಬೇಸಿಗೆ ದಾಟುವುದು ಅನುಮಾನ.

ಬಲ್ಬ್ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ತೋರಿಸುವ ಕಾರಾದರೆ ಕ್ಯಾನ್‌ಬಸ್ ಎಂದು ಗುರುತಿರುವ ಬಲ್ಬೇ ಬೇಕು; ಅದು ಕಾರಿನ ಕಂಪ್ಯೂಟರಿಗೆ ಹಳೆಯ ಬಲ್ಬಿನಂತೆಯೇ ತೋರುವ ಹಾಗೆ ಮಾಡಿದ್ದು.

## ಹಂತ 4: ಸಾಮಾನು ಜೋಡಿಸಿಕೊಳ್ಳಿ

8 ಮತ್ತು 10 ಎಂ.ಎಂ. ಬಾಕ್ಸ್ ಪಾನಾ, ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ನಯವಾದ ಎಮರಿ ಕಾಗದ, ಬಣ್ಣ ಗೀಚದಂತೆ ಅಂಟಿಸಲು ಮಾಸ್ಕಿಂಗ್ ಟೇಪ್, ಕಾರಿನಲ್ಲಿ ಈಗಿರುವಷ್ಟೇ ಆಂಪಿಯರಿನ ಎರಡು ಹೆಚ್ಚುವರಿ ಫ್ಯೂಸ್. ಇಂಡಿಕೇಟರ್ ಕೆಲಸ ಇದ್ದರೆ ಮಾತ್ರ ಬೆಸುಗೆ ಕಡ್ಡಿ ಮತ್ತು ಹೀಟ್ ಶ್ರಿಂಕ್ ಕೊಳವೆ. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಉಳಿದದ್ದಕ್ಕೆಲ್ಲ ಬದಲಿ ಉಪಾಯ ಇದೆ.

## ಹಂತ 5: ಟೈಲ್ ಲ್ಯಾಂಪ್ ಬಿಚ್ಚುವುದು

ನೆರಳಿನಲ್ಲಿ ನಿಲ್ಲಿಸಿ. ಎಲ್ಲ ದೀಪ ಆರಿಸಿ, ಕೀ ತೆಗೆಯಿರಿ. ಬಲ್ಬ್ ಬದಲಿಸಲು ಬ್ಯಾಟರಿ ಬಿಚ್ಚಬೇಕಿಲ್ಲ. ವೈರ್ ಕತ್ತರಿಸುವುದಿದ್ದರೆ ಮಾತ್ರ ಮೈನಸ್ ಟರ್ಮಿನಲ್ ತೆಗೆದಿಡಿ.

ಕೆಲವು ಕಾರುಗಳಲ್ಲಿ ಡಿಕ್ಕಿಯ ಒಳಗಿನಿಂದಲೇ ಹೋಲ್ಡರ್ ಕೈಗೆ ಸಿಗುತ್ತದೆ. ಇನ್ನು ಕೆಲವದರಲ್ಲಿ ಡಿಕ್ಕಿ ಬಾಗಿಲು ತೆರೆದಾಗ ಅಂಚಿನಲ್ಲಿ ಕಾಣುವ ಎರಡು ಸ್ಕ್ರೂ ಅಥವಾ ನಟ್ ಬಿಚ್ಚಿ ಇಡೀ ಲ್ಯಾಂಪನ್ನು ಹೊರಗೆಳೆಯಬೇಕು. ಎಳೆಯುವುದು ನೇರ ಹಿಂದಕ್ಕೆ, ಎರಡೂ ಕೈಯಿಂದ. ಹೊರಬದಿಯನ್ನು ಪ್ಲಾಸ್ಟಿಕ್ ಗುಂಡಿಗಳು ಹಿಡಿದಿರುತ್ತವೆ. ಪಕ್ಕಕ್ಕೆ ಎಳೆದರೆ ಅವು ಮುರಿಯುತ್ತವೆ. ಸ್ಕ್ರೂಡ್ರೈವರ್ ಸಂದಿಯಲ್ಲಿ ತೂರಿಸಿ ಮೀಟಿದರೆ ಬಣ್ಣ ಹೋಗುತ್ತದೆ, ಬಿಸಿಲಿಗೆ ಒಣಗಿದ ಗಾಜಿನ ಅಂಚು ಚಕ್ಕೆ ಏಳುತ್ತದೆ.

ಕನೆಕ್ಟರ್ ತೆಗೆಯುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ. ಯಾವ ಹೋಲ್ಡರ್ ಯಾವ ತೂತಿನದು ಎಂಬುದು ಆಮೇಲೆ ನೆನಪಿರುವುದಿಲ್ಲ.

## ಹಂತ 6: ಹೋಲ್ಡರ್ ಮತ್ತು ಅರ್ಥ್, ಯಾರೂ ಮಾಡದ ಕೆಲಸ

ಎಲ್‌ಇಡಿ ಹಾಕುವ ಮೊದಲು, ಹಳೆಯ ಬಲ್ಬ್ ಇರುವಾಗಲೇ ಇದು ಮುಗಿಯಬೇಕು.

ಹೋಲ್ಡರಿನ ಒಳಗೆ ಬೆಳಕು ಬಿಟ್ಟು ನೋಡಿ. ಹಸಿರು ಕಿಲುಬು, ಕಪ್ಪು ಸುಟ್ಟ ಗುರುತು, ಕೆಂಪು ಧೂಳು ಯಾವುದಿದ್ದರೂ ಎಮರಿ ಕಾಗದದ ಚೂರಿನಿಂದ ಉಜ್ಜಿ, ಕ್ಲೀನರ್ ಹೊಡೆದು ಒಣಗಲು ಬಿಡಿ. ತಳದ ಹಿತ್ತಾಳೆ ಬಿಂದುಗಳನ್ನು ಒತ್ತಿದರೆ ಪುಟಿಯಬೇಕು. ಪುಟಿಯದಿದ್ದರೆ, ಅಥವಾ ಪ್ಲಾಸ್ಟಿಕ್ ಕರಗಿದ್ದರೆ, ಹೋಲ್ಡರನ್ನೇ ಬದಲಿಸಿ. ತಂತಿ ಬಲ್ಬ್ 21 ವಾಟ್ ಎಳೆಯುವಾಗ ಕಾವಿನಿಂದ ಸಡಿಲ ಸಂಪರ್ಕವನ್ನು ಹೇಗೋ ತಳ್ಳಿಕೊಂಡು ಹೋಗುತ್ತದೆ. ಎಲ್‌ಇಡಿ ಅದೇ ಜಾಗದಲ್ಲಿ ಮಿನುಗತೊಡಗುತ್ತದೆ.

ಈಗ ಅರ್ಥ್ ಪರೀಕ್ಷೆ. ಕನೆಕ್ಟರ್ ಮತ್ತೆ ಚುಚ್ಚಿ, ಎಂಜಿನ್ ಚಾಲೂ ಮಾಡಿ ಪಾರ್ಕಿಂಗ್ ದೀಪ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಕೆಂಪು ಕಡ್ಡಿಯನ್ನು ಹೋಲ್ಡರಿನ ಅರ್ಥ್ ಪಿನ್ನಿಗೆ, ಕಪ್ಪು ಕಡ್ಡಿಯನ್ನು ಒಂದು ಉದ್ದ ವೈರ್ ಮೂಲಕ ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ಥ್ ಕೆಟ್ಟಿದೆ. ಡಿಕ್ಕಿಯ ಒಳಗೆ ಕಪ್ಪು ವೈರ್ ಬಾಡಿಗೆ ಸೇರುವ ಬೋಲ್ಟ್ ಹುಡುಕಿ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ.

ಇದಕ್ಕೆ ಇಷ್ಟು ಒತ್ತು ಏಕೆಂದರೆ, ಅರ್ಥ್ ಸಿಗದ ಬ್ರೇಕ್ ಕರೆಂಟ್ ಪಕ್ಕದ ಬಲ್ಬಿನ ತಂತಿ ಹಾದು ಬೇರೆ ದಾರಿ ಹುಡುಕುತ್ತದೆ. ತಂತಿ ಬಲ್ಬುಗಳಿದ್ದಾಗ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಎಲ್‌ಇಡಿಗೆ ಚಿಟಿಕೆ ಕರೆಂಟ್ ಸಾಕು, ಹಾಗಾಗಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ದೂರು ಬರುವುದು ಪಾಪ ಬಲ್ಬಿನ ಮೇಲೆ.

## ಹಂತ 7: ಬ್ರೇಕ್ ಮತ್ತು ಪಾರ್ಕಿಂಗ್, ಒಂದು ಬದಿ ಮಾತ್ರ

ಮೊದಲು ಒಂದು ಬದಿಗಷ್ಟೇ ಹೊಸ ಬಲ್ಬ್ ಹಾಕಿ. ಇನ್ನೊಂದು ಬದಿಯ ಹಳೆಯ ಬಲ್ಬ್ ಹೋಲಿಕೆಗೆ ಬೇಕು.

1157 ಬಲ್ಬನ್ನು ಒತ್ತಿ, ಬಲಕ್ಕೆ ತಿರುಗಿಸಿ. ಮೇಲಿನ ಮೊಳೆ ಯಾವುದು, ಕೆಳಗಿನದು ಯಾವುದು ಎಂದು ನೋಡಿಕೊಂಡು ಕೂರಿಸಿ. ಹೋಲ್ಡರ್ ಸವೆದಿದ್ದರೆ ಬಲವಂತ ಮಾಡಿದಾಗ ತಿರುವುಮುರುವಾಗಿಯೂ ಕೂತುಬಿಡುತ್ತದೆ. ಆಗ ಪಾರ್ಕಿಂಗ್ ಪ್ರಖರ, ಬ್ರೇಕ್ ಮಂಕು. 7443 ಬಗೆಯದಾಗಿದ್ದು ಉರಿಯದಿದ್ದರೆ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್, ಮೈನಸ್ ಭೇದ ಇದೆ.

ಈಗ ನಾಲ್ಕು ತಪಾಸಣೆ, ಇದೇ ಅನುಕ್ರಮದಲ್ಲಿ.

1. ಪಾರ್ಕಿಂಗ್ ಮಾತ್ರ ಹಾಕಿ. ಎರಡೂ ಬದಿ ಹೆಚ್ಚುಕಡಿಮೆ ಸಮ ಕಾಣಬೇಕು.
2. ಪಾರ್ಕಿಂಗ್ ಆರಿಸಿ ಬ್ರೇಕ್ ಮಾತ್ರ ಒತ್ತಿ. ಡ್ಯಾಶ್‌ಬೋರ್ಡ್, ನಂಬರ್ ಪ್ಲೇಟ್, ಮುಂದಿನ ಪಾರ್ಕಿಂಗ್ ದೀಪ ಯಾವುದೂ ಹತ್ತಬಾರದು. ಹತ್ತಿದರೆ ಬಲ್ಬಿನ ಒಳಗೆ ಎರಡು ದಾರಿಯನ್ನು ಬೇರ್ಪಡಿಸುವ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಇಲ್ಲ ಎಂದರ್ಥ. ಅಂಥ ಬಲ್ಬಿಗೆ ರಿಪೇರಿ ಇಲ್ಲ, ಹಿಂದಿರುಗಿಸಿ.
3. ಪಾರ್ಕಿಂಗ್ ಹಾಕಿಕೊಂಡೇ ಬ್ರೇಕ್ ಒತ್ತಿ, ಮಧ್ಯಾಹ್ನದ ಬಿಸಿಲಿನಲ್ಲಿ 30 ಮೀಟರ್ ಹಿಂದೆ ನಿಂತು ನೋಡಿ. ಬ್ರೇಕ್ ಬಂದದ್ದು ಕಣ್ಣಿಗೆ ಹೊಡೆದು ಕಾಣಬೇಕು. ಹಳೆಯ ಬಲ್ಬಿನಲ್ಲಿ 5 ವಾಟಿನಿಂದ 21 ವಾಟಿಗೆ ಏರುತ್ತಿತ್ತು. ಅಗ್ಗದ ಎಲ್‌ಇಡಿಯಲ್ಲಿ ಪಾರ್ಕಿಂಗೇ ಅತಿಯಾಗಿ ಹೊಳೆದು ಬ್ರೇಕಿಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ರಾತ್ರಿ ಹೊತ್ತು ಹಿಂದೆ ಬರುವವನಿಗೆ ನೀವು ನಿಲ್ಲಿಸುತ್ತಿದ್ದೀರಿ ಎಂಬುದೇ ತಿಳಿಯದು. ಈ ಒಂದು ಪರೀಕ್ಷೆಯಲ್ಲಿ ಸೋತ ಬಲ್ಬ್ ಎಷ್ಟೇ ಪ್ರಖರವಾಗಿದ್ದರೂ ಹಾಕಬೇಡಿ.
4. ಮೂಲೆಯಿಂದ, ಅಂದರೆ 45 ಡಿಗ್ರಿ ಓರೆಯಲ್ಲಿ ನಿಂತು ನೋಡಿ. ಹಳೆಯ ಬದಿಯಷ್ಟಾದರೂ ಕಾಣಬೇಕು. ಮೊಬೈಲ್ ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಅದರ ಚಿತ್ರ ನಂಬಬೇಡಿ.

ಕೊನೆಗೆ ಎಂಜಿನ್ ಚಾಲೂ ಇಟ್ಟು ಬ್ರೇಕನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಎಂಜಿನ್ ಓಡುವಾಗ ವೋಲ್ಟೇಜ್ 13.8ರಿಂದ 14.4ರವರೆಗೆ ಇರುತ್ತದೆ, ನಿಜವಾದ ಪರೀಕ್ಷೆ ಅದೇ. ಕಾದಂತೆ ಬೆಳಕು ಕಣ್ಣಿಗೆ ಕಾಣುವಷ್ಟು ಇಳಿದರೆ ಆ ಜೋಡಿ ಬೇಡ. ಎಲ್ಲ ಸರಿ ಬಂದರೆ ಎರಡನೇ ಬದಿ.

ಕೆಲವು ಕಾರುಗಳಲ್ಲಿ ಒಂದೇ ತಂತಿಯ ಬಲ್ಬನ್ನು ಕಂಪ್ಯೂಟರ್ ಕಡಿಮೆ, ಹೆಚ್ಚು ಮಾಡಿ ಎರಡೂ ಕೆಲಸಕ್ಕೆ ಬಳಸುತ್ತದೆ. ಅಲ್ಲಿ ಸಾದಾ ಎಲ್‌ಇಡಿ ಪಾರ್ಕಿಂಗ್ ಹೊತ್ತಿನಲ್ಲಿ ನಡುಗುತ್ತದೆ. ಕ್ಯಾನ್‌ಬಸ್ ಬಲ್ಬಿಗೂ ನಿಲ್ಲದಿದ್ದರೆ ಹಳೆಯದಕ್ಕೇ ಮರಳಿ.

## ಹಂತ 8: ನಂಬರ್ ಪ್ಲೇಟ್ ಮತ್ತು ರಿವರ್ಸ್

ನಂಬರ್ ಪ್ಲೇಟಿಗೆ ಒಂದು ಮಾತು ಸಾಕು: ಅತಿ ಪ್ರಖರ ಬೇಡ, ನೀಲಿ ಛಾಯೆ ಬೇಡ. ಕೆಎ 34 ಇರಲಿ, ಕೆಎ 36, 37 ಇರಲಿ, ರಾತ್ರಿ 15 ಮೀಟರ್ ದೂರದಿಂದ ಅಕ್ಷರ ಸ್ಪಷ್ಟ ಓದಿಸಬೇಕು; ಬೆಳಕು ಹೆಚ್ಚಾದರೆ ಪ್ಲೇಟ್ ಬೆಳ್ಳಗಾಗಿ ಅಕ್ಷರವೇ ಅಳಿಸಿದಂತೆ ಕಾಣುತ್ತದೆ.

ರಿವರ್ಸಿಗೆ ಎಷ್ಟು ಬೆಳಕಿದ್ದರೂ ಒಳ್ಳೆಯದೇ, ಆದರೆ ಕ್ಯಾಮೆರಾ ಇದ್ದರೆ ಪರದೆಯಲ್ಲಿ ಗೆರೆಗಳು ಓಡುತ್ತವೆಯೇ ನೋಡಿ. ಓಡಿದರೆ ಬಲ್ಬಿನ ಒಳಗಿನ ಸರ್ಕ್ಯೂಟ್ ಕಳಪೆ.

## ಹಂತ 9: ಇಂಡಿಕೇಟರ್, ಹಟ ಇದ್ದರೆ ಮಾತ್ರ

ಇಂಡಿಕೇಟರನ್ನು ಮಿನುಗಿಸುವ ಫ್ಲಾಶರ್ ಕರೆಂಟ್ ಅಳೆಯುತ್ತದೆ. 21 ವಾಟಿನ ಬಲ್ಬ್ 1.75 ಆಂಪಿಯರ್ ಎಳೆಯುತ್ತಿದ್ದ ಜಾಗದಲ್ಲಿ ಎಲ್‌ಇಡಿ ಅದರ ಸಣ್ಣ ಪಾಲು ಎಳೆದಾಗ ಒಂದು ಬಲ್ಬ್ ಹೋಗಿದೆ ಎಂದು ಬಗೆದು ವೇಗವಾಗಿ ಮಿನುಗಿಸುತ್ತದೆ. ಹಳೆಯ ಕಾಲದ, ಕಾವಿನಿಂದ ಕೆಲಸ ಮಾಡುವ ಫ್ಲಾಶರ್ ಇದ್ದರೆ ಮಿನುಗದೆ ಸುಮ್ಮನೆ ಹೊತ್ತಿಕೊಂಡಿರಬಹುದು. ಮಿನುಗು ನಿಮಿಷಕ್ಕೆ 60ರಿಂದ 120ರ ಒಳಗೆ ಇರಬೇಕು.

ಮೊದಲ ದಾರಿ, ಎಲ್‌ಇಡಿ ಫ್ಲಾಶರ್ ರಿಲೇ. ಪ್ರತ್ಯೇಕ ರಿಲೇ ಇರುವ ಹಳೆಯ ಕಾರುಗಳಲ್ಲಿ ಇದೇ ಒಳ್ಳೆಯದು. ಹಳೆಯ ರಿಲೇಯ ಪಿನ್ನುಗಳ ಪಕ್ಕದ ಬಿ, ಎಲ್, ಇ ಅಕ್ಷರ ನೋಡಿ, ಹೊಸದರಲ್ಲೂ ಅದೇ ಜೋಡಣೆ ಇರಲಿ. ಪಿನ್ ಸಂಖ್ಯೆ ಒಂದೇ ಇದ್ದರೂ ಸ್ಥಾನ ಬದಲಾಗಿದ್ದರೆ ರಿಲೇ ಸುಡುತ್ತದೆ. ಹೊಸ ಕಾರುಗಳಲ್ಲಿ ಫ್ಲಾಶರ್ ಕಂಪ್ಯೂಟರಿನ ಒಳಗೇ ಇರುವುದರಿಂದ ಈ ದಾರಿ ಮುಚ್ಚಿದೆ.

ಎರಡನೇ ದಾರಿ, 6 ಓಮ್, 50 ವಾಟಿನ ಲೋಡ್ ರೆಸಿಸ್ಟರ್; ಬದಲಿಸಿದ ಪ್ರತಿ ಬಲ್ಬಿಗೆ ಒಂದು. ಒಂದು ತುದಿ ಇಂಡಿಕೇಟರಿನ ಪ್ಲಸ್ ವೈರಿಗೆ, ಇನ್ನೊಂದು ಅರ್ಥಿಗೆ, ಅಂದರೆ ಬಲ್ಬಿಗೆ ಸಮಾಂತರ. ಎಂಜಿನ್ ಓಡುವಾಗ ಇದು 2.3 ಆಂಪಿಯರ್ ಎಳೆದು 30 ವಾಟಿಗೂ ಹೆಚ್ಚು ಕಾವು ಉಗುಳುತ್ತದೆ. ಹಜಾರ್ಡ್ ಹಾಕಿ ನಿಲ್ಲಿಸಿದರೆ ಮುಟ್ಟಲಾಗದಷ್ಟು ಸುಡುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಟ್ರಿಮ್ಮಿಗೆ, ವೈರ್ ಕಟ್ಟಿಗೆ, ಕಾರ್ಪೆಟ್ಟಿಗೆ ಟೇಪ್ ಸುತ್ತಿ ನೇತುಹಾಕುವುದು ಬೆಂಕಿಯನ್ನು ಮನೆಗೆ ಕರೆದಂತೆ. ಬರಿ ಲೋಹದ ಹಾಳೆಗೆ ಎರಡು ಸ್ಕ್ರೂ ಹಾಕಿ ಬಿಗಿಯಿರಿ, ಸುತ್ತ ಮೂರು ಬೆರಳು ಜಾಗ ಬಿಡಿ, ಕೊರೆದ ತೂತಿಗೆ ಪ್ರೈಮರ್ ಬಳಿಯಿರಿ. ವೈರ್ ಕೂಡಿಸಲು ಕಚ್ಚುವ ಕ್ಲಿಪ್ ಬೇಡ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ. ಇಷ್ಟಾದ ಮೇಲೆ ಎಲ್‌ಇಡಿ ಉಳಿಸಿದ ಕರೆಂಟನ್ನೆಲ್ಲ ರೆಸಿಸ್ಟರ್ ತಿಂದು ಮುಗಿಸಿರುತ್ತದೆ. ಇಂಡಿಕೇಟರ್ ಬಿಟ್ಟುಬಿಡಿ ಎಂದದ್ದು ಇದಕ್ಕೇ.

ಡ್ಯಾಶ್‌ಬೋರ್ಡಿನಲ್ಲಿ ಎಡಬಲ ಎರಡಕ್ಕೂ ಒಂದೇ ಹಸಿರು ದೀಪ ಇರುವ ಹಳೆಯ ಗಾಡಿಯಲ್ಲಿ ಮುಂದೆ, ಹಿಂದೆ ಎಲ್ಲವನ್ನೂ ಎಲ್‌ಇಡಿ ಮಾಡಿದರೆ ಒಂದು ಬದಿ ಹಾಕಿದಾಗ ನಾಲ್ಕೂ ಮಿನುಗಬಹುದು. ಕರೆಂಟ್ ಆ ಹಸಿರು ದೀಪದ ಮೂಲಕ ಆಚೆ ಬದಿಗೆ ಹರಿಯುತ್ತದೆ. ಅಲ್ಲಿ ಎರಡು ಡಯೋಡ್ ಹಾಕಿಸಬೇಕು. ಇದು ಆಟೋ ಎಲೆಕ್ಟ್ರಿಷಿಯನ್ ಕೆಲಸ.

## ಹಂತ 10: ಮುಚ್ಚುವ ಮುನ್ನ

ಹೋಲ್ಡರಿನ ರಬ್ಬರ್ ರಿಂಗ್ ಮತ್ತು ಲ್ಯಾಂಪಿನ ಹಿಂದಿನ ಫೋಮ್ ಒರೆಸಿ, ಹರಿದಿದ್ದರೆ ಬದಲಿಸಿ. ತಂತಿ ಬಲ್ಬಿನ ಕಾವು ಡಬ್ಬಿಯ ಒಳಗಿನ ತೇವವನ್ನು ತಾನೇ ಒಣಗಿಸುತ್ತಿತ್ತು, ಎಲ್‌ಇಡಿ ಅಷ್ಟು ಒಣಗಿಸುವುದಿಲ್ಲ. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಚಳಿಗಾಲದ ಇಬ್ಬನಿಗೆ ಗಾಜಿನ ಒಳಗೆ ಹನಿ ಕಟ್ಟಿ ಮಧ್ಯಾಹ್ನದವರೆಗೂ ನಿಂತರೆ ಆಶ್ಚರ್ಯವಿಲ್ಲ. ಆದರೂ ಲ್ಯಾಂಪಿನ ಕೆಳಗಿನ ಸಣ್ಣ ಗಾಳಿ ತೂತನ್ನು ಸಿಲಿಕಾನ್ ಹಾಕಿ ಮುಚ್ಚಬೇಡಿ. ಹೊಕ್ಕ ನೀರು ಹೊರಹೋಗುವ ದಾರಿ ಅದೊಂದೇ.

ನಟ್ ಬಿಗಿ ಮಾಡುವಾಗ ಕೈಬಿಗಿ, ಮೇಲೆ ಕಾಲು ಸುತ್ತು. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

## ಮೊದಲ ತಿಂಗಳು ಗಮನಿಸಬೇಕಾದ ಲಕ್ಷಣಗಳು

ಫ್ಯೂಸ್ ಹೋಗುತ್ತಿದ್ದರೆ ದೊಡ್ಡ ಆಂಪಿಯರಿನದನ್ನು ಹಾಕಬೇಡಿ. ಎಲ್‌ಇಡಿ ಕರೆಂಟ್ ಇಳಿಸುತ್ತದೆ, ಏರಿಸುವುದಿಲ್ಲ. ಫ್ಯೂಸ್ ಹೋದರೆ ಎಲ್ಲೋ ಶಾರ್ಟ್ ಇದೆ.

ಹೊಸಪೇಟೆ ಆಕಾಶವಾಣಿ ಕೇಳುತ್ತಿರುವಾಗ ಬ್ರೇಕ್ ಒತ್ತಿದೊಡನೆ ರೇಡಿಯೋದಲ್ಲಿ ಕರಕರ ಬಂದರೆ ಬಲ್ಬಿನ ಸರ್ಕ್ಯೂಟಿನದೇ ತರಲೆ, ಆ ಜೋಡಿ ಬದಲಿಸಿ.

ಕೀ ತೆಗೆದು ಬೀಗ ಹಾಕಿದ ಮೇಲೂ ದೀಪ ಆಗಾಗ ಚಿಟುಕು ಹೊಡೆದರೆ ಕಾರಿನ ಕಂಪ್ಯೂಟರ್ ಬಲ್ಬ್ ಇದೆಯೇ ಎಂದು ತಪಾಸಣೆ ಮಾಡುತ್ತಿದೆ. ಅಪಾಯವಿಲ್ಲ, ಕ್ಯಾನ್‌ಬಸ್ ಬಲ್ಬ್ ಹಾಕಿದರೆ ಹೆಚ್ಚಾಗಿ ನಿಲ್ಲುತ್ತದೆ.

ಡಿಕ್ಕಿಯಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ, ಅಥವಾ ಹೋಲ್ಡರ್ ಮುಟ್ಟಿದರೆ ಚುರ್ ಎನ್ನುವ ಕಾವು: ಅಲ್ಲೇ ನಿಲ್ಲಿಸಿ, ಆ ದೀಪದ ಫ್ಯೂಸ್ ತೆಗೆದು, ಹಗಲು ಹೊತ್ತಿನಲ್ಲೇ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ. ಅದು ಬ್ರೇಕ್ ದೀಪದ ಫ್ಯೂಸ್ ಆಗಿದ್ದರೆ ಓಡಿಸುವುದೇ ಬೇಡ, ಅವರನ್ನೇ ಗಾಡಿ ಇದ್ದಲ್ಲಿಗೆ ಕರೆಸಿ.

ತೆಗೆದ ಹಳೆಯ ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ ಗ್ಲೋವ್ ಬಾಕ್ಸಿನಲ್ಲಿಡಿ. ಕುಷ್ಟಗಿ ದಾಟಿದ ಮೇಲೆ ರಾತ್ರಿ ಹೊತ್ತು ಒಂದು ಬದಿ ಕೆಟ್ಟರೆ ತೆರೆದ ಅಂಗಡಿ ಹುಡುಕುವುದಕ್ಕಿಂತ ಹಳೆಯದನ್ನೇ ತಿರುಗಿಸಿ ಕೂರಿಸುವುದು ಸುಲಭ.